ಹಲವು ಭಾಷೆಗಳನ್ನು ಬದುಕಿನುದ್ದಕ್ಕೂ ಉಳಿಯುವಂತೆ ಕಲಿಯುವುದು ಹೇಗೆ?

ನಾನು ಈವರೆಗೆ ಆರು ಭಾಷೆಗಳನ್ನು ಕಲಿಯಲು ತೊಡಗಿದ್ದೇನೆ. ಅವುಗಳಲ್ಲಿ ನಾಲ್ಕು ಇಂದಿಗೂ ಬಳಕೆಯಲ್ಲಿವೆ, ಎರಡು ಕೈತಪ್ಪಿ ಹೋಗಿವೆ. ಕೈತಪ್ಪಿದ ಎರಡು ಉಳಿದವುಗಳಿಗಿಂತ ಕಷ್ಟದ ಭಾಷೆಗಳೇನೂ ಆಗಿರಲಿಲ್ಲ, ಅವುಗಳಿಗಾಗಿ ಪಟ್ಟ ಶ್ರಮವೂ ಕಡಿಮೆಯದಾಗಿರಲಿಲ್ಲ. ಪಠ್ಯಪುಸ್ತಕ ಮುಗಿದ ಮೇಲೆ ಅವುಗಳಿಗೆ ನನ್ನ ದಿನಚರಿಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಬಹುಭಾಷಾ ಕಲಿಕೆಯ ಫಲ ಆಯುಷ್ಯದುದ್ದಕ್ಕೂ ದೊರೆಯುತ್ತದೆ ಎನ್ನುವುದು ನಿಜವಾದರೂ ಅದು ದೊರೆಯುವುದು ಭಾಷೆ ನಮ್ಮ ಬಳಿ ಉಳಿದರೆ ಮಾತ್ರ. ಆದ್ದರಿಂದ ಈ ಲೇಖನದ ಗಮನವೆಲ್ಲ ಬೇಗ ಕಲಿಯುವುದರ ಮೇಲಲ್ಲದೆ ಕಲಿತದ್ದನ್ನು ಉಳಿಸಿಕೊಳ್ಳುವುದರ ಮೇಲೆ ಇದೆ.

ಯಾವ ಫಲವನ್ನು ನಿರೀಕ್ಷಿಸಬಹುದು

ಮೊದಲು ಲಾಭದ ಲೆಕ್ಕವನ್ನು ಪ್ರಾಮಾಣಿಕವಾಗಿ ನೋಡೋಣ, ಏಕೆಂದರೆ ಈ ವಿಷಯದಲ್ಲಿ ಉತ್ಪ್ರೇಕ್ಷೆ ಬಹಳ. ಕೆನಡಾದ ಮನೋವಿಜ್ಞಾನಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಟೊರಾಂಟೊದ ಸ್ಮೃತಿ ಚಿಕಿತ್ಸಾಲಯವೊಂದಕ್ಕೆ ಬಂದ 184 ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಬದುಕಿನುದ್ದಕ್ಕೂ ಎರಡು ಭಾಷೆಗಳನ್ನು ಬಳಸಿದವರಲ್ಲಿ ಮರೆವಿನ ಲಕ್ಷಣಗಳು ಒಂದೇ ಭಾಷೆ ಬಳಸಿದವರಿಗಿಂತ ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. 2013ರಲ್ಲಿ ಸುವರ್ಣಾ ಅಲ್ಲಾಡಿ ಅವರ ನೇತೃತ್ವದ ತಂಡ ಹೈದರಾಬಾದಿನಲ್ಲಿ 648 ರೋಗಿಗಳ ನಡುವೆ ನಡೆಸಿದ ಅಧ್ಯಯನದಲ್ಲಿ ಈ ಅಂತರ ನಾಲ್ಕೂವರೆ ವರ್ಷದಷ್ಟಿತ್ತು. ಓದು ಬರಹ ಬಾರದವರಲ್ಲಿಯೂ ಅದು ಕಂಡುಬಂದದ್ದು ಮುಖ್ಯ, ಏಕೆಂದರೆ ಇದೆಲ್ಲ ಶಾಲಾ ಶಿಕ್ಷಣದ ಪರಿಣಾಮವಿರಬಹುದು ಎಂಬ ಆಕ್ಷೇಪಕ್ಕೆ ಅದರಿಂದ ಉತ್ತರ ಸಿಕ್ಕಿತು.

ಇಷ್ಟನ್ನು ಓದಿ ಭಾಷೆಯನ್ನು ಔಷಧಿಯಂತೆ ನುಂಗಲು ಹೊರಡಬಾರದು. ಇವು ಕಾಯಿಲೆಯನ್ನು ತಡೆಯುವುದರ ಬಗೆಗಿನ ಅಧ್ಯಯನಗಳಲ್ಲ, ಲಕ್ಷಣಗಳು ಹೊರಗೆ ಕಾಣಿಸಿಕೊಳ್ಳುವ ವಯಸ್ಸನ್ನು ಕುರಿತವು. ಎರಡೂ ಕಡೆ ನೋಡಿದ್ದು ದಶಕಗಳ ಕಾಲ ಭಾಷೆಗಳನ್ನು ದಿನನಿತ್ಯ ಬಳಸಿದವರನ್ನು. ಎರಡು ಭಾಷೆ ಬಲ್ಲವರ ಏಕಾಗ್ರತೆ, ಗಮನ ಬದಲಿಸುವ ಚುರುಕುತನ ಉಳಿದವರಿಗಿಂತ ಹೆಚ್ಚು ಎಂಬ ಮಾತಂತೂ ಸಂಶೋಧಕರ ನಡುವೆಯೇ ಇನ್ನೂ ಇತ್ಯರ್ಥವಾಗದ ಜಗಳ. ನಾಲ್ಕು ತಿಂಗಳು ಮೊಬೈಲಿನಲ್ಲಿ ಪದಗಳನ್ನು ಒತ್ತಿದ ಮಾತ್ರಕ್ಕೆ ಮಿದುಳಿಗೆ ಕವಚ ತೊಡಿಸಿದಂತಾಗುವುದಿಲ್ಲ.

ಖಚಿತವಾಗಿ ದೊರೆಯುವ ಫಲಗಳು ಬೇರೆಯೇ ಇವೆ. ಅನುವಾದಕರ ದಾರಿ ಕಾಯದೆ ಮೂಲವನ್ನೇ ಓದಬಹುದು. ಜನ ತಮ್ಮ ತಮ್ಮಲ್ಲಿ ಆಡುವ ಮಾತನ್ನು, ಅಂದರೆ ನಮಗಾಗಿ ಸರಳಗೊಳಿಸದ ಮಾತನ್ನು, ಕೇಳಬಹುದು. ಉದ್ಯೋಗದ ಬಾಗಿಲುಗಳು ಕೆಲವು ತೆರೆಯುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಮೂರನೆಯ ಭಾಷೆ ಎರಡನೆಯದಕ್ಕಿಂತ ಸುಲಭವಾಗುತ್ತದೆ. ಕಲಿಯುವುದು ಹೇಗೆ ಎಂಬುದನ್ನು ಒಮ್ಮೆ ಕಲಿತವನಿಗೆ ಮುಂದಿನ ಭಾಷೆಯಲ್ಲಿ ಯಾವುದನ್ನು ಮೊದಲು ಗಮನಿಸಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂಬ ಅಂದಾಜು ಇರುತ್ತದೆ. ಒಂದು ಕುತೂಹಲದ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಲಾಭ ನಷ್ಟದ ಒಂದೇ ಲೆಕ್ಕವನ್ನು ‘ಇಷ್ಟು ಜನ ಉಳಿಯುತ್ತಾರೆ’ ಎಂದೂ ‘ಇಷ್ಟು ಜನ ಸಾಯುತ್ತಾರೆ’ ಎಂದೂ ಎರಡು ಬಗೆಯಲ್ಲಿ ಹೇಳಿದಾಗ ನಮ್ಮ ತೀರ್ಮಾನ ಬದಲಾಗುವುದು ಮನುಷ್ಯ ಸಹಜ ದೋಷ. ಬೋಅಜ್ ಕೇಸರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪ್ರಶ್ನೆಯನ್ನು ಕಲಿತ ಭಾಷೆಯಲ್ಲಿ ಕೇಳಿದಾಗ ಆ ದೋಷ ತಗ್ಗಿತ್ತು. ತಾಯಿನುಡಿಯ ಮಾತು ನೇರವಾಗಿ ಎದೆಗೆ ತಾಗುತ್ತದೆ, ಕಲಿತ ನುಡಿಯ ಮಾತು ಸ್ವಲ್ಪ ದೂರದಲ್ಲಿ ನಿಂತು ಯೋಚಿಸಲು ಎಡೆಗೊಡುತ್ತದೆ ಎನ್ನುವುದು ಅದಕ್ಕೆ ಕೊಡುವ ಒಂದು ವಿವರಣೆ.

ಮೊದಲ ಹೆಜ್ಜೆ: ಭಾಷೆಗೆ ಒಂದು ಕೆಲಸ ಗೊತ್ತುಮಾಡಿ

ಪುಸ್ತಕ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ. ಈ ಭಾಷೆಯಲ್ಲಿ ನಾನು ವಾರಕ್ಕೊಮ್ಮೆಯಾದರೂ ಮಾಡಲಿರುವ ಕೆಲಸ ಯಾವುದು? ‘ಚೆನ್ನಾಗಿ ಮಾತನಾಡಬೇಕು’ ಎಂಬುದು ಆಸೆಯಷ್ಟೇ, ಕೆಲಸವಲ್ಲ. ‘ಸೊಸೆಯ ತಾಯಿಯೊಂದಿಗೆ ಪ್ರತಿ ಭಾನುವಾರ ಫೋನಿನಲ್ಲಿ ಹತ್ತು ನಿಮಿಷ ಮಾತನಾಡುತ್ತೇನೆ’, ‘ಚದುರಂಗದ ಪಂದ್ಯಗಳ ವಿಶ್ಲೇಷಣೆಯನ್ನು ರಷ್ಯನ್ ಭಾಷೆಯಲ್ಲಿ ಓದುತ್ತೇನೆ’, ‘ನನ್ನ ವೃತ್ತಿಯ ಜರ್ಮನ್ ಕೈಪಿಡಿಗಳನ್ನು ಮೂಲದಲ್ಲಿಯೇ ನೋಡುತ್ತೇನೆ’, ಇವು ಕೆಲಸಗಳು. ಕೆಲಸ ಗೊತ್ತಾದ ಕೂಡಲೇ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಫೋನಿನಲ್ಲಿ ಮಾತನಾಡಬೇಕಾದವರು ಲಿಪಿಯನ್ನು ಆರು ತಿಂಗಳು ಮುಂದೂಡಬಹುದು. ಕೈಪಿಡಿ ಓದಬೇಕಾದವರು ಉಚ್ಚಾರಣೆಗೆ ಹೆಚ್ಚು ಸಮಯ ಸುರಿಯಬೇಕಿಲ್ಲ. ಕೆಲಸವೇ ಹೊಳೆಯದಿದ್ದರೆ ಬೇರೆ ಭಾಷೆಯನ್ನು ಆರಿಸಿಕೊಳ್ಳುವುದು ಲೇಸು. ನನ್ನ ಎರಡು ಸೋಲುಗಳೂ ಈ ಹೆಜ್ಜೆಯನ್ನು ಬಿಟ್ಟದ್ದರಿಂದ ಆದವು.

ಎರಡನೆಯ ಹೆಜ್ಜೆ: ಗಂಟೆಗಳ ಲೆಕ್ಕ ಹಾಕಿ

ಭಾಷಾ ಕಲಿಕೆಯನ್ನು ದಿನಗಳಲ್ಲಿ ಅಳೆಯಬಾರದು, ಗಂಟೆಗಳಲ್ಲಿ ಅಳೆಯಬೇಕು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ದೀರ್ಘ ಅನುಭವದಿಂದ ಕೊಡುವ ಅಂದಾಜಿನ ಪ್ರಕಾರ ಇಂಗ್ಲಿಷ್ ತಾಯಿನುಡಿಯವರು ವೃತ್ತಿಪರ ಮಟ್ಟ ಮುಟ್ಟಲು ಸ್ಪ್ಯಾನಿಷ್‌ನಂಥ ಭಾಷೆಗೆ 600ರಿಂದ 750 ತರಗತಿ ಗಂಟೆಗಳು ಬೇಕು, ಜಪಾನಿ, ಚೀನಿ, ಅರಬ್ಬಿ, ಕೊರಿಯನ್ ಭಾಷೆಗಳಿಗೆ ಸುಮಾರು 2200 ಗಂಟೆಗಳು ಬೇಕು. ದಿನಕ್ಕೆ ಅರ್ಧ ಗಂಟೆ ಕೂರುವವರಿಗೆ ವರ್ಷಕ್ಕೆ ಸಿಗುವುದು 180 ಗಂಟೆಗಳು. ‘ಮೂವತ್ತು ದಿನಗಳಲ್ಲಿ ಭಾಷೆ’ ಎಂಬ ಆಶ್ವಾಸನೆಯನ್ನು ಇದೇ ಲೆಕ್ಕಕ್ಕೆ ಒಡ್ಡಿದರೆ ಕೈಗೆ ಬರುವುದು ಹದಿನೈದು ಗಂಟೆಗಳು. ಅಷ್ಟರಲ್ಲಿ ನಮಸ್ಕಾರ, ಅಂಕಿಗಳು, ದಾರಿ ಕೇಳುವ ಮಾತು ಬಂದರೆ ಅದೇ ಹೆಚ್ಚು.

ಆದರೆ ಆ ಪಟ್ಟಿ ಇಂಗ್ಲಿಷರ ಪಟ್ಟಿ. ಭಾಷೆ ಎಷ್ಟು ದೂರ ಎನ್ನುವುದು ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ಅವಲಂಬಿಸಿದೆ. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವುದು, ನಾಮಪದದ ಹಿಂದೆ ಪ್ರತ್ಯಯ ಹಚ್ಚುವುದು ಇಂಗ್ಲಿಷರಿಗೆ ತಲೆಕೆಳಗಾದ ಲೋಕವಾದರೆ ಕನ್ನಡಿಗರಿಗೆ ಅದೇ ನೆಟ್ಟಗಿನ ಲೋಕ. ಜಪಾನಿಯ ‘ವತಾಶಿ ವ ಹೊನ್ ಒ ಯೊಮಿಮಸು’ ಎಂಬ ವಾಕ್ಯದ ನಡೆ ‘ನಾನು ಪುಸ್ತಕವನ್ನು ಓದುತ್ತೇನೆ’ ಎಂಬುದರದೇ ನಡೆ. ತುರ್ಕಿಯಲ್ಲಿ ‘ಎವ್’ ಎಂದರೆ ಮನೆ, ‘ಎವ್‌ಲೆರ್’ ಎಂದರೆ ಮನೆಗಳು, ‘ಎವ್‌ಲೆರ್‌ದೆ’ ಎಂದರೆ ಮನೆಗಳಲ್ಲಿ. ಇಲ್ಲಿ ನಮಗೆ ವಿವರಣೆಯೇ ಬೇಡ. ಜಪಾನಿಯ ಕಷ್ಟ ಇರುವುದು ಬೇರೆ ಕಡೆ, ಅಂದರೆ ಜಪಾನ್ ಸರ್ಕಾರ ನಿತ್ಯಬಳಕೆಗೆಂದು ಪಟ್ಟಿ ಮಾಡಿರುವ 2136 ಕಾಂಜಿ ಲಿಪಿಚಿಹ್ನೆಗಳಲ್ಲಿ. ಹೀಗೆ ಆರಿಸಿದ ಭಾಷೆಯಲ್ಲಿ ಯಾವುದು ಬಿಟ್ಟಿ ದೊರೆಯುತ್ತದೆ, ಯಾವುದಕ್ಕೆ ಬೆವರು ಹರಿಸಬೇಕು ಎಂಬುದನ್ನು ಮೊದಲ ವಾರದಲ್ಲೇ ಪಟ್ಟಿ ಮಾಡಿಕೊಂಡರೆ ಗಂಟೆಗಳನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ತಿಳಿಯುತ್ತದೆ.

ವಯಸ್ಸಿನ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸೋಣ. ಸುಮಾರು 6.7 ಲಕ್ಷ ಜನರ ಉತ್ತರಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ವ್ಯಾಕರಣವನ್ನು ಸಹಜವಾಗಿ ಹೀರಿಕೊಳ್ಳುವ ಶಕ್ತಿ ಹದಿನೇಳು ಹದಿನೆಂಟರ ತನಕ ಉಳಿದು ನಂತರ ಇಳಿಯುತ್ತದೆ ಎಂದು ಅಂದಾಜಿಸಿತು. ಇಳಿಯುತ್ತದೆ ಎಂದರೆ ಇಲ್ಲವಾಗುತ್ತದೆ ಎಂದಲ್ಲ. ಪೋಲೆಂಡ್ ಮೂಲದ ಜೋಸೆಫ್ ಕಾನ್ರಾಡ್ ಇಂಗ್ಲಿಷ್ ಕಲಿಯತೊಡಗಿದ್ದು ಇಪ್ಪತ್ತರ ಆಸುಪಾಸಿನಲ್ಲಿ, ಅದೂ ಫ್ರೆಂಚ್ ಕಲಿತ ಬಳಿಕ. ಮುಂದೆ ಅವರು ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬರಾದರು. ಅವರ ಮಾತಿನಲ್ಲಿ ಪೋಲಿಷ್ ಛಾಯೆ ಮಾತ್ರ ಕೊನೆಯವರೆಗೂ ದಟ್ಟವಾಗಿತ್ತು. ವಯಸ್ಕ ಕಲಿಕೆಯ ಚಿತ್ರ ಸ್ಥೂಲವಾಗಿ ಹೀಗೆಯೇ ಇರುತ್ತದೆ.

ಮೂರನೆಯ ಹೆಜ್ಜೆ: ಮೊದಲು ಕಿವಿ, ಆಮೇಲೆ ನಾಲಿಗೆ

ಹೊಸ ಭಾಷೆಯ ಮೊದಲ ಎರಡು ಮೂರು ವಾರಗಳನ್ನು ಧ್ವನಿಗಳಿಗೆ ಮೀಸಲಿಡಿ. ಪ್ರೌಢರ ಕಿವಿ ತಾಯಿನುಡಿಯ ಜರಡಿಯಂತೆ ಕೆಲಸ ಮಾಡುತ್ತದೆ, ಅದರಲ್ಲಿ ಇಲ್ಲದ ವ್ಯತ್ಯಾಸಗಳನ್ನು ಸೋಸಿ ಎಸೆಯುತ್ತದೆ. ಕನ್ನಡದ ಕಿವಿಗೆ ‘ತ’ ಮತ್ತು ‘ಟ’, ‘ಲ’ ಮತ್ತು ‘ಳ’, ಹ್ರಸ್ವ ಮತ್ತು ದೀರ್ಘ ಸ್ವರಗಳು ಹುಟ್ಟಿನಿಂದ ಬಂದ ಸ್ವತ್ತು. ಆದರೆ ಚೀನೀ ಭಾಷೆಯ ನಾಲ್ಕು ಸ್ವರಭಾರಗಳು (ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳು), ಫ್ರೆಂಚಿನ ಅನುನಾಸಿಕ ಸ್ವರಗಳು, ಅರಬ್ಬಿಯ ಗಂಟಲಿನ ವ್ಯಂಜನಗಳು ಮೊದಲಿಗೆ ಒಂದೇ ಬಗೆಯಾಗಿ ಕೇಳಿಸುತ್ತವೆ. ಜಪಾನಿಗರಿಗೆ ‘ರ’ ಮತ್ತು ‘ಲ’ಗಳ ವ್ಯತ್ಯಾಸ ಕಲಿಸಲು ನಡೆದ ಪ್ರಯೋಗಗಳಿಂದ ತಿಳಿದ ಉಪಯುಕ್ತ ಪಾಠವೊಂದಿದೆ: ಒಬ್ಬನೇ ಅಧ್ಯಾಪಕನ ದನಿಗಿಂತ ಹಲವು ಜನರ ದನಿಗಳಲ್ಲಿ ಜೋಡಿಪದಗಳನ್ನು ಕೇಳಿ, ಊಹಿಸಿ, ಒಡನೆಯೇ ಸರಿ ತಪ್ಪು ತಿಳಿದುಕೊಂಡರೆ ಕಿವಿ ತಿದ್ದಿಕೊಳ್ಳುತ್ತದೆ. ಒಂದೇ ಒಂದು ಧ್ವನಿಯಲ್ಲಿ ಬೇರೆಯಾಗುವ ಜೋಡಿಪದಗಳನ್ನು ಇಪ್ಪತ್ತು ಗುರುತು ಹಾಕಿಕೊಂಡು ದಿನಕ್ಕೆ ಹತ್ತು ನಿಮಿಷ ಈ ಅಭ್ಯಾಸ ಮಾಡಿದರೆ ಸಾಕು.

ನಾಲಿಗೆಯ ವಿಷಯದಲ್ಲಿ ನಮ್ಮದೊಂದು ವಿಶೇಷ ರೋಗವಿದೆ. ಕನ್ನಡದ ಪದಗಳು ಸ್ವರಾಂತವಾದದ್ದರಿಂದ ಬಂದ ಪದಗಳ ಬಾಲಕ್ಕೆಲ್ಲ ನಾವು ‘ಉ’ಕಾರ ಅಂಟಿಸಿ ‘ಬಸ್ಸು’, ‘ಕಾರು’, ‘ಪೆನ್ನು’ ಎನ್ನುತ್ತೇವೆ. ಕನ್ನಡದೊಳಗೆ ಅದು ಸೊಗಸು, ಹೊಸ ಭಾಷೆಯನ್ನಾಡುವಾಗ ಮಾತ್ರ ಅದು ಕೇಳುಗರಿಗೆ ತೊಡಕು. ನಿಮ್ಮ ದನಿಯನ್ನು ಧ್ವನಿಮುದ್ರಿಸಿ ಮೂಲದ ಪಕ್ಕದಲ್ಲಿಟ್ಟು ಕೇಳಿ. ಮೊದಲ ಸಲ ಕೇಳುವಾಗ ಮುಜುಗರವಾಗುತ್ತದೆ, ಅದು ಎಲ್ಲರಿಗೂ ಆಗುತ್ತದೆ.

ನಾಲ್ಕನೆಯ ಹೆಜ್ಜೆ: ಪದಗಳನ್ನು ಮರೆಯುವ ಮುನ್ನ ಮರಳಿ ಕೇಳಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಅಳೆದು 1885ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲಿ ಕಡಿದಾಗಿ ಇಳಿದು ನಂತರ ನಿಧಾನವಾಗುತ್ತದೆ ಎಂಬುದು ಅವರು ಕಂಡ ಸಂಗತಿ. ಇದರಿಂದ ಹೊರಟ ಉಪಾಯವೇ ಅಂತರವಿಟ್ಟು ಪುನರಾವರ್ತಿಸುವುದು. ಜರ್ಮನ್ ಮಾತನಾಡುವ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಅದನ್ನು ಪೆಟ್ಟಿಗೆಯ ರೂಪಕ್ಕೆ ಇಳಿಸಿದರು. ಪದವನ್ನು ಚೀಟಿಯ ಒಂದು ಬದಿಗೆ, ಅರ್ಥವನ್ನು ಇನ್ನೊಂದು ಬದಿಗೆ ಬರೆದು ಐದು ಖಾನೆಗಳ ಪೆಟ್ಟಿಗೆಯ ಮೊದಲ ಖಾನೆಗೆ ಹಾಕಬೇಕು. ನೆನಪಾದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ನೆನಪಾಗದ್ದು ಮೊದಲಿಗೇ ಮರಳುತ್ತದೆ. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ಹೀಗೆ ಅಂತರ ಹೆಚ್ಚಿಸುತ್ತ ನೋಡಬೇಕು. ‘ಆಂಕಿ’ (Anki) ಎಂಬ ಚೀಟಿ ಅಭ್ಯಾಸದ ತಂತ್ರಾಂಶದಂಥವು ಮಾಡುವುದೂ ಮೂಲತಃ ಇದನ್ನೇ. ರಟ್ಟಿನ ಪೆಟ್ಟಿಗೆಯೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ಬೇರೇನನ್ನೂ ನೋಡುವ ಪ್ರಲೋಭನೆಯಿರುವುದಿಲ್ಲ.

ಚೀಟಿಯ ನಿಜವಾದ ಬಲವಿರುವುದು ತಿರುಗಿಸುವುದಕ್ಕೆ ಮುಂಚಿನ ಎರಡು ಕ್ಷಣಗಳ ಪರದಾಟದಲ್ಲಿ. ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ವಿದ್ಯಾರ್ಥಿಗಳಿಗೆ ನಲವತ್ತು ಸ್ವಾಹಿಲಿ ಪದಗಳನ್ನು ಕಲಿಸಿ ಪರೀಕ್ಷಿಸಿದಾಗ, ಒಮ್ಮೆ ನೆನಪಾದ ಪದಗಳನ್ನೂ ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿಕೊಂಡವರು ವಾರದ ಬಳಿಕ ಸುಮಾರು ಶೇ. 80ರಷ್ಟು ಪದಗಳನ್ನು ಹೇಳಿದರು. ಅವನ್ನು ಪರೀಕ್ಷೆಯಿಂದ ಕೈಬಿಟ್ಟವರು, ಕೆಲವರು ಓದುವುದನ್ನು ಮುಂದುವರಿಸಿದ್ದರೂ, ಅದರ ಅರ್ಧವನ್ನೂ ಮುಟ್ಟಲಿಲ್ಲ. ಪಟ್ಟಿಯ ಮೇಲೆ ಕಣ್ಣಾಡಿಸುವುದು ಕಲಿತಂತೆ ಭಾಸವಾಗಿಸುತ್ತದೆ, ಅಷ್ಟೇ.

ಯಾವ ಪದಗಳನ್ನು ಬರೆದುಕೊಳ್ಳಬೇಕು? ಇಂಗ್ಲಿಷಿನ ಲೆಕ್ಕದಂತೆ ಅತಿ ಹೆಚ್ಚು ಬಳಕೆಯ ಎರಡು ಸಾವಿರ ಪದಕುಟುಂಬಗಳು (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಸಾಮಾನ್ಯ ಬರಹದ ಸುಮಾರು ಶೇ. 80ರಷ್ಟನ್ನು ಆವರಿಸುತ್ತವೆ. ಕೇಳಲು ಇಂಪಾದ ಸಂಖ್ಯೆಯಾದರೂ ಅದರ ಅರ್ಥ ಐದು ಪದಗಳಿಗೊಂದು ಗೊತ್ತಿಲ್ಲದ ಪದ ಎಂದು. ಕಾದಂಬರಿಯನ್ನು ನಿರಾತಂಕವಾಗಿ ಓದಲು ಶೇ. 98ರಷ್ಟು ಪದಗಳು ಗೊತ್ತಿರಬೇಕೆಂದೂ ಅದಕ್ಕೆ ಎಂಟು ಒಂಬತ್ತು ಸಾವಿರ ಪದಕುಟುಂಬಗಳು ಬೇಕೆಂದೂ ಪದಸಂಪತ್ತಿನ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಅಂದಾಜಿಸಿದ್ದಾರೆ. ಆದ್ದರಿಂದ ಮೊದಲ ಎರಡು ಸಾವಿರವನ್ನು ಚೀಟಿಗಳಿಂದ, ದಿನಕ್ಕೆ ಎಂಟು ಹತ್ತರಂತೆ ಕಲಿಯಿರಿ. ಉಳಿದದ್ದು ಓದಿನಿಂದ ಬರಬೇಕು, ಬರುತ್ತದೆ. ಪದವನ್ನು ಒಂಟಿಯಾಗಿ ಬರೆಯದೆ ಅದಿರುವ ಪುಟ್ಟ ವಾಕ್ಯವನ್ನೇ ಬರೆದುಕೊಳ್ಳುವುದು ವಾಸಿ.

ನೆರೆಯ ಭಾಷೆಗಳನ್ನು ಕಲಿಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಸ್ಕೃತದಿಂದ ಬಂದ ಸಾವಿರಾರು ಪದಗಳು ನಮಗೆ ಹಲವು ಭಾಷೆಗಳಲ್ಲಿ ಬಿಟ್ಟಿ ಬಂಡವಾಳ. ಆದರೆ ಅವುಗಳಲ್ಲಿ ವೇಷಧಾರಿಗಳೂ ಇದ್ದಾರೆ. ಕನ್ನಡದ ‘ಶಿಕ್ಷೆ’ ದಂಡನೆ, ಹಿಂದಿಯ ‘ಶಿಕ್ಷಾ’ ವಿದ್ಯಾಭ್ಯಾಸ. ನಮ್ಮ ‘ಅವಸರ’ ತರಾತುರಿ, ತೆಲುಗಿನ ‘ಅವಸರಂ’ ಅಗತ್ಯ, ಹಿಂದಿಯ ‘ಅವಸರ್’ ಅವಕಾಶ. ನಮ್ಮ ‘ಚೇಷ್ಟೆ’ ತುಂಟತನ, ಬಂಗಾಳಿಯ ‘ಚೇಷ್ಟಾ’ ಪ್ರಯತ್ನ. ನಮ್ಮ ‘ಅನುಮಾನ’ ಸಂಶಯ, ಹಿಂದಿಯಲ್ಲಿ ಅದು ಅಂದಾಜು. ಹಿಂದಿ ಪ್ರಾಧ್ಯಾಪಕರೊಬ್ಬರ ಭಾಷಣ ಕೇಳಿ, ಅವರ ಕೈ ಕುಲುಕಿ, ‘ನಿಮ್ಮ ಉಪನ್ಯಾಸ ಬಹಳ ಚೆನ್ನಾಗಿತ್ತು’ ಎಂದು ನಾನು ಅವರದೇ ಭಾಷೆಯಲ್ಲಿ ಹೇಳಿದ್ದೆ. ತಾವು ಈತನಕ ಒಂದು ಕಾದಂಬರಿಯನ್ನೂ ಬರೆದಿಲ್ಲವಲ್ಲ ಎಂದು ಅವರು ಗಂಭೀರವಾಗಿಯೇ ಉತ್ತರಿಸಿದರು. ಇಂಥ ಪದಗಳಿಗೆ ಬೇರೆ ಬಣ್ಣದ ಚೀಟಿ ಬಳಸಿ. ಈ ಕಾಟ ನೆರೆಯ ಭಾಷೆಗಳಿಗಷ್ಟೇ ಸೀಮಿತವಲ್ಲ. ಇಂಗ್ಲಿಷ್ ಬಲ್ಲವರು ಫ್ರೆಂಚಿನ ‘ಆಕ್ಚುಎಲ್ಮಾಂ’ ಎಂಬ ಪದವನ್ನು ‘ವಾಸ್ತವವಾಗಿ’ ಎಂದು ತಿಳಿದು ಎಡವುತ್ತಾರೆ, ಅದರ ಅರ್ಥ ‘ಸದ್ಯ’ ಎಂದು.

ಐದನೆಯ ಹೆಜ್ಜೆ: ವ್ಯಾಕರಣವನ್ನು ಹೋಲಿಸಿ ಓದಿ

ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವುದು ನಿಘಂಟನ್ನು ಹಾಗೆ ಓದಿದಷ್ಟೇ ನಿಷ್ಫಲ. ಎರಡು ಅಂಕಣಗಳ ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳಿ, ಒಂದರಲ್ಲಿ ಹೊಸ ಭಾಷೆಯ ವಾಕ್ಯ, ಇನ್ನೊಂದರಲ್ಲಿ ಅದೇ ಅಭಿಪ್ರಾಯದ ಕನ್ನಡ ವಾಕ್ಯ. ಎಲ್ಲಿ ಎರಡೂ ಸೇರುವುದಿಲ್ಲವೋ ಅಲ್ಲಿ ಮಾತ್ರ ನಿಯಮ ಹುಡುಕಿ. ‘ನನಗೆ ಹಸಿವಾಗಿದೆ’ ಎನ್ನುವಾಗ ಹಸಿದವನು ಚತುರ್ಥಿಯಲ್ಲಿದ್ದಾನೆ. ಹಿಂದಿಯಲ್ಲೂ ಹಾಗೆಯೇ, ಇಂಗ್ಲಿಷಿನಲ್ಲಿ ಅವನು ಪ್ರಥಮೆಗೆ ಏರುತ್ತಾನೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಹಿಂದಿಯಲ್ಲಿ ಪುಸ್ತಕ ಎಂಬರ್ಥದ ‘ಕಿತಾಬ್’ ಹೆಣ್ಣು, ಕಾಗದ ಎಂಬರ್ಥದ ‘ಕಾಗಜ್’ ಗಂಡು. ಇಂಥದ್ದಕ್ಕೆ ಕಾರಣ ಹುಡುಕಿ ಪ್ರಯೋಜನವಿಲ್ಲ, ಪದದೊಂದಿಗೇ ಲಿಂಗವನ್ನೂ ಚೀಟಿಯಲ್ಲಿ ಬರೆದುಕೊಳ್ಳಬೇಕು.

ಈ ಹೋಲಿಕೆಯಿಂದ ದೊರೆಯುವ ಇನ್ನೊಂದು ಫಲವನ್ನು ನಾನು ನಿರೀಕ್ಷಿಸಿರಲಿಲ್ಲ. ತಮಿಳಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಾಮ್’, ಅವರನ್ನು ಬಿಟ್ಟು ಹೇಳುವಾಗ ‘ನಾಂಗಳ್’. ತೆಲುಗಿನಲ್ಲಿ ಇದೇ ಭೇದಕ್ಕೆ ‘ಮನಂ’ ಮತ್ತು ‘ಮೇಮು’ ಇವೆ. ಇದನ್ನು ಕಲಿತ ಮೇಲೆ ಕನ್ನಡದಲ್ಲಿ ‘ನಾವು ಹೊರಟಿದ್ದೇವೆ’ ಎಂದು ಯಾರಾದರೂ ಹೇಳಿದರೆ, ನನ್ನನ್ನು ಸೇರಿಸಿ ಹೇಳಿದರೋ ಬಿಟ್ಟು ಹೇಳಿದರೋ ಎಂದು ಯೋಚಿಸದೆ ಇರಲಾಗುತ್ತಿಲ್ಲ. ಹುಟ್ಟಿದಾರಭ್ಯ ಬಳಸಿದ ಪದವೊಂದರ ಮಬ್ಬು ಕಣ್ಣಿಗೆ ಬಿದ್ದದ್ದು ಮತ್ತೊಂದು ಭಾಷೆಯ ಬೆಳಕಿನಿಂದ.

ಆರನೆಯ ಹೆಜ್ಜೆ: ಮಾತನ್ನೂ ಓದನ್ನೂ ಒಟ್ಟಿಗೆ ನಡೆಸಿ

ಮಾತನಾಡಲು ‘ಸಿದ್ಧನಾಗುವ’ ದಿನಕ್ಕಾಗಿ ಕಾಯುವವರು ಕಾಯುತ್ತಲೇ ಇರುತ್ತಾರೆ. ಮೂರು ತಿಂಗಳಾಗುವ ಹೊತ್ತಿಗೆ ವಾರಕ್ಕೆ ಎರಡು ಸಲ ಹದಿನೈದು ನಿಮಿಷ ಮಾತನಾಡುವ ಜೊತೆಗಾರರನ್ನು ಹುಡುಕಿಕೊಳ್ಳಿ. ಅದಕ್ಕೆ ಮುಂಚೆ ನಿಮ್ಮ ಮನೆಯವರ ಪರಿಚಯ, ನಿಮ್ಮ ವೃತ್ತಿ, ನಿನ್ನೆ ಏನಾಯಿತು, ನಾಳೆ ಏನಿದೆ ಎಂಬ ನಾಲ್ಕು ಪುಟ್ಟ ಭಾಷಣಗಳನ್ನು ಬರೆದು, ತಿದ್ದಿಸಿ, ಬಾಯಿಪಾಠ ಮಾಡಿಕೊಳ್ಳಿ. ಅಪರಿಚಿತರೊಡನೆ ನಡೆಯುವ ಹೆಚ್ಚಿನ ಸಂಭಾಷಣೆಗಳು ಈ ನಾಲ್ಕರಲ್ಲೇ ಸುತ್ತುತ್ತವೆ. ಎಲ್ಲ ತಪ್ಪುಗಳನ್ನೂ ತಿದ್ದಬೇಡಿ, ಈ ದಿನ ಭೂತಕಾಲದ ಕ್ರಿಯಾಪದಗಳನ್ನು ಮಾತ್ರ ತಿದ್ದಿ ಎಂದು ಜೊತೆಗಾರರಿಗೆ ಮೊದಲೇ ಹೇಳಿಬಿಡುವುದು ನನಗೆ ಬಹಳ ಉಪಕಾರ ಮಾಡಿದ ಉಪಾಯ. ಪ್ರತಿ ಮಾತಿಗೂ ತಡೆದು ತಿದ್ದುವ ಶಿಕ್ಷಕರೊಬ್ಬರ ಬಳಿ ನಾನು ಕೆಲವು ತಿಂಗಳು ಕಳೆದು ಬಾಯಿ ತೆರೆಯಲೇ ಅಂಜುವಂತಾಗಿದ್ದೆ.

ಓದಿನ ವಿಷಯಕ್ಕೆ ಬಂದರೆ ಹಂಗೆರಿಯ ದುಭಾಷಿ ಕಾತೊ ಲೊಂಬ್ ಅವರ ದಾರಿಯನ್ನು ಯಾರಾದರೂ ಅನುಸರಿಸಬಹುದು. 1909ರಿಂದ 2003ರವರೆಗೆ ಬದುಕಿದ್ದ ಅವರು ಓದಿದ್ದು ರಸಾಯನಶಾಸ್ತ್ರ, ಕಲಿತು ಬಳಸಿದ್ದು ಹದಿನಾರು ಭಾಷೆಗಳನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಷ್ಯನ್ ಕಾದಂಬರಿಯೊಂದನ್ನು ಹಿಡಿದು ಓದುತ್ತಲೇ ಆ ಭಾಷೆಯನ್ನು ಕಲಿತರು. ಪ್ರತಿ ಪದಕ್ಕೂ ನಿಘಂಟು ತೆರೆಯದೆ ಮುಂದೆ ಸಾಗುವುದು ಅವರ ಪದ್ಧತಿಯ ತಿರುಳು: ಮುಖ್ಯವಾದ ಪದ ಹೇಗೂ ಮತ್ತೆ ಬರುತ್ತದೆ, ಬಾರದ ಪದದ ಹಂಗು ಏಕೆ? ಆರಂಭಿಕರಿಗೆ ಕಾದಂಬರಿ ಭಾರವೆನಿಸಿದರೆ ಈಗಾಗಲೇ ಕನ್ನಡದಲ್ಲಿ ಓದಿರುವ ಕಥೆಯನ್ನೇ ಹೊಸ ಭಾಷೆಯಲ್ಲಿ ಓದಿ. ಕಥೆ ಗೊತ್ತಿರುವುದರಿಂದ ಗಮನವೆಲ್ಲ ನುಡಿಯ ಮೇಲೆ ನಿಲ್ಲುತ್ತದೆ. ಅದರ ಧ್ವನಿಮುದ್ರಿಕೆಯೂ ಸಿಕ್ಕರೆ ಒಮ್ಮೆ ಓದುತ್ತ ಕೇಳಿ, ಮತ್ತೊಮ್ಮೆ ಪುಸ್ತಕ ಮುಚ್ಚಿ ಕೇಳಿ.

ಏಳನೆಯ ಹೆಜ್ಜೆ: ಮುಂದಿನ ಭಾಷೆಯನ್ನು ಯಾವಾಗ ಸೇರಿಸಬೇಕು

ಒಂದೇ ಸಲಕ್ಕೆ ಎರಡು ಭಾಷೆಗಳನ್ನು ಮೊದಲಿನಿಂದ ಆರಂಭಿಸಬೇಡಿ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಆರು ಹಂತಗಳ ಚೌಕಟ್ಟಿನಲ್ಲಿ ‘ಬಿ1’ ಎಂಬುದು ಮೂರನೆಯ ಹಂತ, ಅಂದರೆ ಪರಿಚಿತ ವಿಷಯಗಳಲ್ಲಿ ತಾನೇ ನಿಭಾಯಿಸಿಕೊಳ್ಳಬಲ್ಲ ಮಟ್ಟ. ಮೊದಲ ಭಾಷೆ ಅಲ್ಲಿಗೆ ಮುಟ್ಟಿದ ಮೇಲೆ ಎರಡನೆಯದನ್ನು ಕೈಗೆತ್ತಿಕೊಂಡರೆ ಮೊದಲನೆಯದು ಅಲುಗಾಡಿದರೂ ಬೀಳುವುದಿಲ್ಲ. ಹೊಸದನ್ನು ಆಡುವಾಗ ಬಾಯಿಗೆ ನುಗ್ಗುವ ತಪ್ಪು ಪದಗಳು ತಾಯಿನುಡಿಯವಾಗಿರದೆ ಅದಕ್ಕೆ ಮುಂಚೆ ಕಲಿತ ಭಾಷೆಯವಾಗಿರುವುದು ಸಾಮಾನ್ಯ ಅನುಭವ, ‘ಪರಭಾಷೆ’ ಎಂಬ ಒಂದೇ ಕಪಾಟಿನಲ್ಲಿ ಮಿದುಳು ಅವೆರಡನ್ನೂ ಇಟ್ಟಿರುತ್ತದೆಯೋ ಎನ್ನುವ ಹಾಗೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್‌ನಂಥ ಒಡಹುಟ್ಟಿದ ಭಾಷೆಗಳಲ್ಲಿ ಈ ಕಲಸುಮೇಲೋಗರ ಹೆಚ್ಚು, ಆದ್ದರಿಂದ ಅವುಗಳ ನಡುವೆ ಎರಡು ಮೂರು ವರ್ಷಗಳ ಅಂತರವಿರಲಿ. ಬೇರೆ ಬೇರೆ ಹೊತ್ತು, ಬೇರೆ ಬೇರೆ ಬಣ್ಣದ ಪುಸ್ತಕ, ಸಾಧ್ಯವಾದರೆ ಬೇರೆ ಬೇರೆ ಕುರ್ಚಿ, ಇಂಥ ಸಣ್ಣ ಗಡಿಗಳು ನೆರವಾಗುತ್ತವೆ. ಹೊಸದನ್ನು ಹಳೆಯದರ ಮೂಲಕ ಕಲಿಯುವುದು ಇನ್ನೊಂದು ಜಾಣತನ. ಸ್ಪ್ಯಾನಿಷಿನಲ್ಲಿ ಬರೆದ ಪಠ್ಯಪುಸ್ತಕದಿಂದ ಇಟಾಲಿಯನ್ ಕಲಿತರೆ ಎರಡಕ್ಕೂ ಗಂಟೆಗಳು ಸಲ್ಲುತ್ತವೆ.

ಎಂಟನೆಯ ಹೆಜ್ಜೆ: ಉಳಿಸಿಕೊಳ್ಳುವುದು, ಮತ್ತು ಕಳೆದದ್ದನ್ನು ಮರಳಿ ಪಡೆಯುವುದು

ಅಮೆರಿಕದ ಹ್ಯಾರಿ ಬ್ಯಾರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಭಾಷೆ ಬಿಟ್ಟವರೆಲ್ಲ ತಿಳಿದಿರಬೇಕು. ಶಾಲಾ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿತು ಐವತ್ತು ವರ್ಷಗಳವರೆಗೆ ಕಾಲ ಕಳೆದಿದ್ದ 700ಕ್ಕೂ ಹೆಚ್ಚು ಜನರನ್ನು ಅವರು ಪರೀಕ್ಷಿಸಿದರು. ಬಿಟ್ಟ ಮೊದಲ ಮೂರರಿಂದ ಆರು ವರ್ಷಗಳಲ್ಲಿ ಜ್ಞಾನ ವೇಗವಾಗಿ ಕರಗಿತ್ತು. ಅಷ್ಟರಲ್ಲಿ ಕರಗದೆ ಉಳಿದದ್ದು ಮುಂದೆ ಮೂವತ್ತು ವರ್ಷಗಳವರೆಗೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಹೆಚ್ಚು ಆಳವಾಗಿ ಕಲಿತವರಲ್ಲಿ ಉಳಿದದ್ದೂ ಹೆಚ್ಚು. ಇದರಿಂದ ಎರಡು ವ್ಯಾವಹಾರಿಕ ತೀರ್ಮಾನಗಳಿಗೆ ಬರಬಹುದು. ಅರೆಬರೆ ಕಲಿತ ಮೂರು ಭಾಷೆಗಳಿಗಿಂತ ಗಟ್ಟಿಯಾಗಿ ಕಲಿತ ಒಂದು ಭಾಷೆ ಹೆಚ್ಚು ಬಾಳುತ್ತದೆ. ಔಪಚಾರಿಕ ಕಲಿಕೆ ನಿಂತ ನಂತರದ ಐದಾರು ವರ್ಷಗಳೇ ಕಾಪಾಡಿಕೊಳ್ಳಬೇಕಾದ ಕಾಲ.

ಕಾಪಾಡಲು ಬಹಳ ಬೇಕಿಲ್ಲ. ವಾರದ ಒಂದೊಂದು ದಿನವನ್ನು ಒಂದೊಂದು ಭಾಷೆಗೆ ಗೊತ್ತುಮಾಡಿ, ಆ ದಿನದ ಸುದ್ದಿ ಆ ಭಾಷೆಯಲ್ಲಿ, ದಿನಚರಿಯ ನಾಲ್ಕು ಸಾಲು ಆ ಭಾಷೆಯಲ್ಲಿ ಎಂದಿಟ್ಟುಕೊಂಡರೆ ನಾಲ್ಕು ಭಾಷೆಗಳು ನಡೆಯುತ್ತವೆ. ಮೊದಲ ಹೆಜ್ಜೆಯಲ್ಲಿ ಬರೆದ ಕೆಲಸದ ಚೀಟಿಯನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ. ಕೆಲಸ ಬದಲಾಗಿದ್ದರೆ ಹೊಸದನ್ನು ಬರೆಯಿರಿ. ಇಪ್ಪತ್ತೈದರಲ್ಲಿ ಉದ್ಯೋಗಕ್ಕೆಂದು ಕಲಿತ ಭಾಷೆ ಅರವತ್ತರಲ್ಲಿ ಮೊಮ್ಮಗುವಿಗೆ ಕಥೆ ಹೇಳುವ ಕೆಲಸಕ್ಕೆ ಬರಬಹುದು. ಮಗುವಿನ ಮಾತು ಬಂತು ಎಂಬ ಕಾರಣಕ್ಕೆ ಇದೊಂದನ್ನು ಸೇರಿಸುತ್ತೇನೆ. ಚಿಕ್ಕಂದಿನಲ್ಲಿ ಒಂದು ಭಾಷೆಯನ್ನು ಬರಿದೇ ಕಿವಿಗೆ ಬೀಳಿಸಿಕೊಂಡಿದ್ದವರು ದೊಡ್ಡವರಾದ ಮೇಲೆ ಅದನ್ನು ಕಲಿತಾಗ ಅವರ ಉಚ್ಚಾರಣೆ ಉಳಿದ ಕಲಿಕಾರ್ಥಿಗಳಿಗಿಂತ ಮೂಲಕ್ಕೆ ಹತ್ತಿರವಿರುತ್ತದೆ ಎಂದು ಟೆರ್ರಿ ಕಿಟ್-ಫಾಂಗ್ ಔ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ್ದಾರೆ. ಮನೆಯ ಹಿರಿಯರು ತಮ್ಮ ನುಡಿಯಲ್ಲಿ ಮಾತನಾಡುತ್ತಿರುವಾಗ ಮಗು ಉತ್ತರಿಸುತ್ತಿಲ್ಲವೆಂದು ನಿಲ್ಲಿಸುವ ಅಗತ್ಯವಿಲ್ಲ.

ಕಳೆದುಹೋದ ಭಾಷೆಗೆ ಮರಳುವವರು ಪದಕೋಶದಿಂದ ಆರಂಭಿಸಬಾರದು, ಹಿಂದೆ ಓದಿದ ಅದೇ ಪುಸ್ತಕವನ್ನು, ಅದೇ ಧ್ವನಿಮುದ್ರಿಕೆಯನ್ನು ಹುಡುಕಬೇಕು. ಸಂಪೂರ್ಣ ಮರೆತೆವು ಎಂದುಕೊಂಡದ್ದನ್ನು ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕಾಗುತ್ತದೆ ಎಂಬುದನ್ನು ಎಬ್ಬಿಂಗ್‌ಹೌಸ್ ಅಂದೇ ಅಳೆದು ತೋರಿಸಿದ್ದರು. ನಾನು ಕಳೆದುಕೊಂಡ ಎರಡು ಭಾಷೆಗಳಲ್ಲಿ ಒಂದರ ಪಠ್ಯಪುಸ್ತಕವನ್ನು ಕಳೆದ ತಿಂಗಳು ಅಟ್ಟದಿಂದ ಕೆಳಗಿಳಿಸಿದೆ. ಅಂಚುಗಳಲ್ಲಿ ನನ್ನದೇ ಕೈಬರಹದ ಟಿಪ್ಪಣಿಗಳಿವೆ, ಕೆಲವು ಶುದ್ಧ ತಪ್ಪು. ಅಂದು ಎರಡು ತಿಂಗಳು ತೆಗೆದುಕೊಂಡಿದ್ದ ಮೊದಲ ಹತ್ತು ಪಾಠಗಳು ಈ ಸಲ ಆರು ಸಂಜೆಗಳಲ್ಲಿ ಮುಗಿದವು. ಹನ್ನೊಂದನೆಯದನ್ನು ತೆರೆಯುವ ಮುನ್ನ ಒಂದು ಹಾಳೆ ತೆಗೆದುಕೊಂಡು ಆ ಭಾಷೆಗೆ ಈ ಬಾರಿ ಯಾವ ಕೆಲಸ ಎಂದು ಬರೆದು ಪುಸ್ತಕದ ಒಳರಟ್ಟಿಗೆ ಅಂಟಿಸಿದ್ದೇನೆ.